ಸಮಾಂತರ ಜೋಡಣೆಯಲ್ಲಿ ಒಂದು ಸಹಭೋಜನ

"ಮನೆಯಲ್ಲಿ ಏನೂ ತಿಳಿಯದವರು ಒಬ್ಬರಿದ್ದರೆ ಅವರಿಗೆ ಪಾಠ ಹೇಳಿಕೊಡು. ಅವರಿಗೆ ಅರ್ಥವಾದರೆ ನಿನಗೂ ಅರ್ಥವಾದಂತೆ" ಎಂದು ಭೌತಶಾಸ್ತ್ರದ ಮೇಷ್ಟ್ರು ಹಾಲ್ವರ್ಸನ್ ನನ್ನ ಮಗಳಿಗೆ ಹೇಳಿದರಂತೆ. ಸಿಗ್ರಿಡ್ ಒಂದು ಕ್ಷಣವೂ ಹುಡುಕಾಡಲಿಲ್ಲ. ನೆಟ್ಟಗೆ ಅಡುಗೆಮನೆಗೆ ಬಂದು, "ಅಮ್ಮಾ, ಕೂತ್ಕೋ" ಎಂದಳು.

(ಅವಳ ಅಪ್ಪ ಲೈಲ್ ಪಕ್ಕದ ಕೋಣೆಯಲ್ಲಿ ಟೀವಿ ರಿಮೋಟನ್ನು ತಲೆಕೆಳಗಾಗಿ ಹಿಡಿದು ಒತ್ತುತ್ತಿದ್ದ. ಆದರೂ ಅವಳ ಕಣ್ಣಿಗೆ ಬಿದ್ದವಳು ನಾನು.)

ವಿಷಯ ಸಣ್ಣದಲ್ಲ. ಸಿಗ್ರಿಡ್ ವಿದ್ಯುತ್ತಿನ ಪಾಠದಲ್ಲಿ ಫೇಲಾಗಿದ್ದಳು. ಸೋಮವಾರ ಮರುಪರೀಕ್ಷೆ. ಅದರಲ್ಲೂ ಬಿದ್ದರೆ ಶಾಲೆಯ ನಿಯಮದ ಪ್ರಕಾರ ಆ ವಾರದ ಕೊನೆಯ ಶನಿವಾರದ ಐಸ್ ಹಾಕಿ ಪಂದ್ಯಕ್ಕೆ ಇಳಿಯುವಂತಿಲ್ಲ. ಅವಳು ತಂಡದ ಗೋಲ್‌ಕೀಪರ್. ನಮ್ಮ ಮಿನ್ನೆಸೋಟದ ಪುಟ್ಟ ಊರಿನಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಇಲ್ಲ. ಹಾಗಾಗಿ ಚರ್ಚಿನಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥಿಸುವಾಗ ಅವಳ ಹೆಸರೂ ಸೇರಿಕೊಂಡಿತ್ತು.

"ನೋಡಮ್ಮಾ, ಬ್ಯಾಟರಿಯಿಂದ ಕರೆಂಟ್ ಹೊರಡುತ್ತೆ, ಬಲ್ಬಿನೊಳಗೆ ಹೋಗುತ್ತೆ, ಆಮೇಲೆ ಅಷ್ಟೂ ಬ್ಯಾಟರಿಗೆ ವಾಪಸ್ ಬರುತ್ತೆ."

"ಅಷ್ಟೂ?"

"ಅಷ್ಟೂ. ಒಂದು ಚೂರೂ ಖರ್ಚಾಗಲ್ಲ."

"ಹಾಗಾದ್ರೆ ಕಂಪನಿಯವರು ನಮಗೆ ಬಿಲ್ ಯಾಕೆ ಕಳಿಸ್ತಾರೆ? ನಾವು ಇಟ್ಕೊಂಡಿದ್ದೇನು?"

ಸಿಗ್ರಿಡ್ ಪುಸ್ತಕದ ಹಾಳೆ ತಿರುವಿದಳು. ಅಷ್ಟರಲ್ಲಿ ಲೈಲ್ ಎದ್ದು ಬಂದ. "ನೀನು ಸುಮ್ನೆ ಕಷ್ಟ ಮಾಡ್ತಿದ್ದೀಯ ಮಗಳೇ. ಕರೆಂಟ್ ಅಂದ್ರೆ ಪೈಪಿನಲ್ಲಿರೋ ನೀರು ಇದ್ದ ಹಾಗೆ, ಅಷ್ಟೇ."

"ಮತ್ತೆ ಪ್ಲಗ್ ಕಿತ್ತಾಗ ಗೋಡೆಯಿಂದ ಕಾರ್ಪೆಟ್ ಮೇಲೆ ಯಾಕೆ ಸುರಿಯಲ್ಲ?" ಎಂದು ಕೇಳಿದೆ. ಲೈಲ್ ನಾಯಿಯನ್ನು ಹೊರಗೆ ಕರೆದುಕೊಂಡು ಹೋದ.

"ಅಮ್ಮಾ, ರೋಧ ಅಂದ್ರೆ ಏನು ಗೊತ್ತಾ? ಹರಿಯೋದಕ್ಕೆ ಅಡ್ಡಿ. ಈ ಮನೇಲಿ ಅದು ನೀನೇ!"

"ನಿನಗೆ ಅರ್ಥ ಆಗ್ಲಿ ಅಂತ ಕೇಳ್ತಿದ್ದೀನಿ ಕಣೇ."

"ನನಗೆ ಅರ್ಥ ಆಗಿತ್ತು! ನೀನು ಕೇಳೋವರೆಗೂ ಆಗಿತ್ತು!"

ಹೀಗೆ ಮೂರು ಸಂಜೆ ಕಳೆದವು. ವೋಲ್ಟೇಜಿಗೆ ಪುಸ್ತಕದ ಹೆಸರಾದ ವಿಭವಾಂತರವೆಂಬ ಮಹಾಶಬ್ದವನ್ನು ನಾನು ಪಾತ್ರೆ ತೊಳೆಯುತ್ತಾ ಸ್ತೋತ್ರದಂತೆ ಉರು ಹೊಡೆದೆ. ಶನಿವಾರ ಅವಳು ಸಮಾಂತರ ಜೋಡಣೆಗೆ ಬಂದಳು. "ಸರಣಿಯಲ್ಲಿ, ಅಂದ್ರೆ ಒಂದರ ಹಿಂದೆ ಒಂದು ಕಟ್ಟಿದ್ರೆ, ಬಲ್ಬುಗಳು ವೋಲ್ಟೇಜ್ ಹಂಚ್ಕೋಬೇಕು ಅಮ್ಮಾ. ಸಮಾಂತರದಲ್ಲಿ ಹಾಗಲ್ಲ, ಒಂದೊಂದಕ್ಕೂ ಬೇರೆ ದಾರಿ. ಎಷ್ಟೇ ಬಲ್ಬು ಸೇರಿಸು, ಪ್ರತಿಯೊಂದಕ್ಕೂ ಪೂರ್ತಿ ವೋಲ್ಟೇಜ್. ಪಕ್ಕದವರಿಗೆ ಸಿಕ್ಕಿದ್ರಿಂದ ನಿನಗೆ ಕಮ್ಮಿ ಆಗಲ್ಲ."

ನನ್ನ ಕಣ್ಣು ತುಂಬಿತು. ಇಷ್ಟು ವರ್ಷ ದೇವರ ಕೃಪೆಯ ಬಗ್ಗೆ ಎಷ್ಟೋ ಉಪದೇಶ ಕೇಳಿದ್ದೇನೆ. ಯಾರೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಎಲ್ಲರಿಗೂ ಪೂರ್ತಿ, ಯಾರಿಗೂ ಕಡಿಮೆಯಿಲ್ಲ! "ಆದ್ರೆ ಅಮ್ಮಾ..." ಎಂದು ಅವಳು ಮುಂದುವರಿಸಿದಳು. ನಾನು ಆಗಲೇ ಎದ್ದು ಕಣ್ಣೊರೆಸಿಕೊಳ್ಳುತ್ತಾ ಮಾಂಸದುಂಡೆಗಳನ್ನು ನೋಡಲು ಹೋಗಿದ್ದೆ.

ಮರುದಿನ ಚರ್ಚಿನಲ್ಲಿ ಸಹಭೋಜನ. ನೆಲಮಾಳಿಗೆಯ ಅಡುಗೆಮನೆಯ ಉಸ್ತುವಾರಿ ನನ್ನದು. ಆರಾಧನೆಗೆ ಮೊದಲೇ ಹೆಂಗಸರು ನಿಧಾನಕ್ಕೆ ಬೇಯಿಸುವ ತಮ್ಮ ತಮ್ಮ ಕರೆಂಟಿನ ಸ್ಲೋ ಕುಕ್ಕರ್ ತಂದು, ಎಂದಿನಂತೆ ಒಂದು ಈ ಮೂಲೆಗೆ, ಒಂದು ಆ ಮೂಲೆಗೆ, ಒಂದು ಬಟ್ಟೆ ನೇತುಹಾಕುವ ಕೋಣೆಗೆ ಎಂದು ಹೊರಟರು.

"ಯಾಕೆ ಹಾಗೆ ಚದುರಿಸ್ತೀರ? ಎಲ್ಲಾ ಇಲ್ಲೇ ತನ್ನಿ" ಎಂದೆ.

ಪಾದ್ರಿಯವರ ಹೆಂಡತಿ ಮಾರ್ವೆಲ್ ಅನುಮಾನಿಸಿದರು. "ಆರ್ಡಿಸ್, ಮೊದಲಿಂದಲೂ ನಾವು ಹೀಗೇ ಇಡೋದು."

"ಮಾರ್ವೆಲ್, ಇದು ಸಮಾಂತರ ಜೋಡಣೆ. ನಿಮ್ಮ ಬೀನ್ಸಿಗೆ ಸಿಕ್ಕಿದ್ರಿಂದ ನನ್ನ ಮಾಂಸದುಂಡೆಗೆ ಕಮ್ಮಿ ಆಗಲ್ಲ" ಎಂದೆ, ಪಾಠ ಹೇಳುವ ಧ್ವನಿಯಲ್ಲಿ.

ವಿಜ್ಞಾನದ ಮುಂದೆ ಅವರು ಸೋತು ಬೀನ್ಸನ್ನು ತಂದಿಟ್ಟರು. ಒಂದೇ ಉದ್ದನೆಯ ಎಕ್ಸ್‌ಟೆನ್ಷನ್ ಬಾಕ್ಸಿಗೆ ಕುಕ್ಕರುಗಳನ್ನೆಲ್ಲ ಸಾಲಾಗಿ ಸಿಕ್ಕಿಸಿದೆ. ಅವುಗಳ ಪುಟ್ಟ ದೀಪಗಳೆಲ್ಲ ಒಟ್ಟಿಗೆ ಕೆಂಪಗೆ ಹೊತ್ತಿಕೊಂಡವು. ಮನಸ್ಸಿನಲ್ಲೇ ಸ್ತೋತ್ರ ಹೇಳಿ ಮೇಲೆ ಹೋದೆ. ಕೊನೆಯ ಕೀರ್ತನೆಯ ನಡುವೆ ನೆನಪಾಗಿ ಕೆಳಗೆ ಓಡಿಬಂದು, ಕಾಫಿಯ ದೊಡ್ಡ ಹಂಡೆಯ ಪ್ಲಗ್ಗನ್ನೂ ಅದೇ ಬಾಕ್ಸಿಗೆ ಚುಚ್ಚಿದೆ.

ಕತ್ತಲು. ಮೇಲೆ ಕೀರ್ತನೆಯ ಎತ್ತರದ ಸ್ವರದಲ್ಲಿದ್ದ ಆರ್ಗನ್, ಹಸು ಕೆಸರಿನಲ್ಲಿ ಕೂತಂತೆ ನರಳಿ ನಿಂತಿತು. ಹಳೆಯ ಕಟ್ಟಡ, ಅದರ ಅರ್ಧಕ್ಕೆಲ್ಲ ಒಂದೇ ಫ್ಯೂಸು!

ಸಭೆಯೆಲ್ಲ ಮೆಟ್ಟಿಲಿಳಿದು ಬಂತು. ಸಿಗ್ರಿಡ್ ಟಾರ್ಚ್ ಹಿಡಿದು ಬಾಕ್ಸಿನ ಮೇಲೆ ಬೆಳಕು ಬಿಟ್ಟಳು.

"ಯಾರು ಇದೆಲ್ಲ ಒಂದೇ ಕಡೆ ಚುಚ್ಚಿದ್ದು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕತ್ತಲಲ್ಲೂ ಅದು ಗೊತ್ತಾಗುತ್ತದೆ.

"ನೀನೇ ಹೇಳಿದ್ದಲ್ವಾ? ಪ್ರತಿಯೊಂದಕ್ಕೂ ಪೂರ್ತಿ ಅಂತ?"

"ವೋಲ್ಟೇಜ್ ಪೂರ್ತಿ ಅಮ್ಮಾ! ಆದ್ರೆ ಪ್ರತಿಯೊಂದು ಕುಕ್ಕರೂ ತನ್ನ ಪಾಲಿನ ಕರೆಂಟ್ ಎಳ್ಕೊಳ್ಳುತ್ತೆ. ಅದೆಲ್ಲಾ ಕೂಡಿ ಬರೋದು ಈ ಒಂದೇ ತಂತೀಲಿ..." ಅವಳು ಬಗ್ಗಿದಳು. ಟಾರ್ಚ್ ತಂತಿಯುದ್ದಕ್ಕೂ ನಿಧಾನವಾಗಿ ಗೋಡೆಯವರೆಗೆ ಹೋಯಿತು. "ಓ! ಕೂಡುತ್ತೆ! ಒಂದೊಂದು ದಾರಿ ಸೇರಿಸಿದಾಗಲೂ ಒಟ್ಟು ರೋಧ ಕಮ್ಮಿ ಆಗುತ್ತೆ, ಅದಕ್ಕೇ ಒಟ್ಟು ಕರೆಂಟ್ ಜಾಸ್ತಿ!"

ಖಾಲಿ ತಟ್ಟೆ ಹಿಡಿದು ಕತ್ತಲಲ್ಲಿ ನಿಂತಿದ್ದ ಮೇಷ್ಟ್ರು ಹಾಲ್ವರ್ಸನ್ ಕೆಮ್ಮಿದರು. "ಸಿಗ್ರಿಡ್, ಎರಡು ಕುಕ್ಕರ್ ಕಿತ್ತರೆ ಉಳಿದವಕ್ಕೆ ಏನಾಗುತ್ತಮ್ಮ?"

"ಏನೂ ಆಗಲ್ಲ ಸಾರ್. ತಂತಿಯ ಭಾರ ಮಾತ್ರ ಇಳಿಯುತ್ತೆ."

"ಆರು ವಾರ ಬೋರ್ಡಿನ ಮೇಲೆ ಚಿತ್ರ ಬರೆದೆ" ಎಂದು ಅವರು ನಿಟ್ಟುಸಿರು ಬಿಟ್ಟರು.

ಮಾಂಸದುಂಡೆ ತಣ್ಣಗೆ ತಿಂದೆವು. ಸೋಮವಾರ ಮಧ್ಯಾಹ್ನ ಸಿಗ್ರಿಡ್ ಬಾಗಿಲಿನಿಂದಲೇ ಕೂಗಿದಳು: "ಅಮ್ಮಾ, ಪಾಸು! ನಿನ್ನಿಂದಲೇ!"

ನಾನು ಕೈ ಒರೆಸಿಕೊಂಡು, ಆದಷ್ಟು ವಿನಯದಿಂದ, "ನಾನೇನು ಮಾಡಿದೆ, ಸುಮ್ಮನೆ ಕೂತು ಕೇಳಿದೆ" ಎಂದೆ.

"ಕೇಳಿದ್ದಕ್ಕಲ್ಲಮ್ಮಾ. ನಡುವೆ ಎದ್ದು ಹೋದೆಯಲ್ಲ, ಅದಕ್ಕೆ. ನಿನ್ನನ್ನೇ ಉದಾಹರಣೆ ಅಂತ ಬರೆದೆ. ಮೇಷ್ಟ್ರು ಕ್ಲಾಸಿಗೆಲ್ಲ ಓದಿ ಹೇಳಿದ್ರು."

ಶನಿವಾರ ಅವಳು ಆಡಿದಳು. ಬಂದ ರಬ್ಬರ್ ಬಿಲ್ಲೆಯನ್ನೆಲ್ಲ ಎದೆಯೊಡ್ಡಿ ತಡೆದಳು. ಹೆಮ್ಮೆ ತಡೆಯಲಾರದೆ, ಬಿಡುವಿನ ಹೊತ್ತಿಗೆ ಎಲ್ಲರಿಗೂ ಬಿಸಿ ಕಾಫಿ ಕೊಡೋಣವೆಂದು ಚರ್ಚಿನಿಂದ ತಂದಿದ್ದ ಹಂಡೆಯ ಪ್ಲಗ್ ಕೈಗೆತ್ತಿಕೊಂಡೆ. ನಾಲ್ಕೂ ಕಡೆಯಿಂದ ಕೈಗಳು ಬಂದು ಅದನ್ನು ಕಸಿದುಕೊಂಡವು.

"ನೀನು ಕೂತ್ಕೋ ಆರ್ಡಿಸ್" ಎಂದರು ಮಾರ್ವೆಲ್, ಬಹಳ ಪ್ರೀತಿಯಿಂದ. "ನಾವು ಗೆಲ್ತಾ ಇದ್ದೀವಿ. ಸ್ಕೋರ್‌ಬೋರ್ಡ್ ಉರೀತಾ ಇರ್ಲಿ."