ಬಿಸಿಲು ಇಳಿಯೋಗಂಟ

ಆಂಜಿನಪ್ಪ: ಆಗಲ್ಲ ಅಂದ್ರೆ ಆಗಲ್ಲ ಗೌಡ್ರೇ! ಮೇ ತಿಂಗಳು, ರಾಜಸ್ಥಾನದಾಗೆ ನಡುಮಧ್ಯಾಹ್ನ ಗಾಡಿ ಓಡ್ಸಲ್ಲ. ಬಿಸಿಲು ಇಳಿಯೋಗಂಟ ನೆಳ್ಳಾಗೆ ನಿಲ್ಸ್ಕೊಂತೀನಿ.

ಪಿಳ್ಳಪ್ಪ: ನಿಲ್ಸ್ಕೊಂಡು?

ಆಂಜಿನಪ್ಪ: ಮಲಿಕ್ಕೊಂತೀನಿ. ಸಂಜೆ ಮೇಲೆ ಓಡಿಸ್ತೀನಿ.

ಪಿಳ್ಳಪ್ಪ: ಜೈಸಲ್ಮೇರಿಗೆ ಪಂಪು ಕಳಿಸ್ತಿರೋದು ಕಣಯ್ಯ, ನಿನ್ನ ಮಾವನ ಮನೆಗಲ್ಲ!

ಹುಣಸಮಾರನಹಳ್ಳಿಯಲ್ಲಿ ಪಿಳ್ಳಪ್ಪನವರ ಹಳೆಯ ದ್ರಾಕ್ಷಿ ತೋಟ. ಬಳ್ಳಿಗಳೆಲ್ಲ ಹೋಗಿ, ಈಗ ಅಲ್ಲಿ ನಿಂತಿರುವ ಫಸಲೆಂದರೆ ಅವರದೇ ಒಂದು ಲಾರಿ. ಅದರ ಮೇಲೆ ಹಸಿರು ನೆರಳುಬಲೆ, ಟೈರುಗಳಿಗೆ ಒದ್ದೆ ಗೋಣಿಚೀಲ. ಡ್ರೈವರ್ ಆಂಜಿನಪ್ಪ ಮಾತ್ರ ಬಿಸಿಲಲ್ಲಿ ನಿಂತಿದ್ದಾನೆ. ಪಿಳ್ಳಪ್ಪನವರ ಹೆಂಡತಿ ಸುಬ್ಬಮ್ಮ ಜಗಲಿಯಿಂದ ಎಲ್ಲವನ್ನೂ ಕೇಳುತ್ತಿದ್ದಾರೆ.

ಆಂಜಿನಪ್ಪ: ಓದ್ ವರ್ಷ ಅಲ್ಲೇ ತಲೆ ಸುತ್ತಿ, ಗಾಡಿ ರೋಡ್ ಬಿಟ್ಟು ಮರಳಿಗೆ ನುಗ್ತು. ಜೀವ ಉಳಿದಿದ್ದೇ ದೊಡ್ಡದು. ನೀವು ಗಾಡಿಗೇನೂ ಆಗ್ಲಿಲ್ಲ ಅಂತ ದೇವ್ರಿಗೆ ಕಾಯಿ ಒಡೆಸಿದ್ರಿ.

ಪಿಳ್ಳಪ್ಪ: ಒಡೆಸ್ದೆ. ನೀನೂ ಒಂದು ಹೋಳು ತಿಂದೆ.

ಆಂಜಿನಪ್ಪ: ರೇಡಿಯೇಟರ್‌ಗೆ ನೀರು ಆಕಿದ್ಯಾ ಅಂತ ದಾರಿಯುದ್ದ ಫೋನ್ ಮಾಡ್ತೀರ. ನೀನು ಕುಡಿದ್ಯಾ ಅಂತ ಒಂದಿನ ಕೇಳಿದ್ರಾ?

ಪಿಳ್ಳಪ್ಪ: ಡ್ರೈವರ್‌ನ ಕುಡಿದ್ಯಾ ಅಂತ ಕೇಳಿದ್ರೆ ಜಗಳಕ್ಕೆ ಬರ್ತಾರೆ ಕಣಯ್ಯ.

ಸುಬ್ಬಮ್ಮ: ಒಂದು ಎ.ಸಿ. ಆಕ್ಸಿಕೊಡ್ರಿ ಅತ್ಲಾಗೆ.

ಪಿಳ್ಳಪ್ಪ: ಲಾರಿಗೆ ಎ.ಸಿ.ನಾ? ನಮ್ಮ ಮನೇಗೇ ಇಲ್ಲ! ಕಿಟಕಿ ತೆಗೆದ್ರೆ ಗಾಳಿ ಬರಲ್ವಾ?

ಆಂಜಿನಪ್ಪ: ಬರ್ತದೆ. ಒಲೆ ಮುಂದೆ ಕೂತಂಗೆ ಬರ್ತದೆ.

ಸುಬ್ಬಮ್ಮ: ಮಾತ್ಯಾಕೆ? ಬಲೆ ತೆಗಿ ಆಂಜಿನಪ್ಪ. ಇವ್ರೇ ಒಳಗೆ ಕೂತು ನೋಡ್ಲಿ.

ಪಿಳ್ಳಪ್ಪ: ಕೂರ್ತೀನಿ! ಬಿಸಿಲಾಗೆ ದ್ರಾಕ್ಷಿ ಬೆಳೆದ ಮೈ ಇದು!

ಬಲೆ ತೆಗೆದ ಲಾರಿ ಬಿಸಿಲಿಗೆ ಚೆನ್ನಾಗಿ ಕಾಯಲೆಂದು ಮೂವರೂ ಊಟ ಮುಗಿಸಿದರು. ಆಮೇಲೆ ಪಿಳ್ಳಪ್ಪ ಪಂಚೆ ಎತ್ತಿಕಟ್ಟಿ ಕ್ಯಾಬಿನ್ ಹತ್ತಿದರು. ಬಾಗಿಲು ಹಾಕಿದ್ದೇ ತಡ, ಒಳಗಿಂದ ಕೂಗು.

ಪಿಳ್ಳಪ್ಪ: ಅಯ್ಯಯ್ಯೋ! ಸೀಟು ಸುಡ್ತದೆ ಕಣೋ!

ಆಂಜಿನಪ್ಪ: ನೀವಿನ್ನೂ ಯಲಹಂಕನೂ ದಾಟಿಲ್ಲ ಗೌಡ್ರೇ. ಜೈಸಲ್ಮೇರ್ ಬಲು ದೂರ ಐತೆ.

ಪಿಳ್ಳಪ್ಪ: ಲೇ, ಫೋನು! ಬಿಸಿ ಜಾಸ್ತಿ ಅಂತ ತೋರಿಸ್ಬುಟ್ಟು ಆಫಾಗೋಯ್ತು!

ಸುಬ್ಬಮ್ಮ: ಅದಕ್ಕಾದ್ರೂ ಬುದ್ಧಿ ಐತೆ. ಇಳೀರಿ ಸಾಕು.

ಇಳಿದವರೇ ಮಜ್ಜಿಗೆ ಚೊಂಬನ್ನು ಎತ್ತಿ ಗಟಗಟ ಕುಡಿದರು. ಮುಖ ಕೆಂಪಾಗಿತ್ತು.

ಪಿಳ್ಳಪ್ಪ: ಇಂಥದ್ರಾಗೆ ಕೂತು ಓಡ್ಸಿದ್ಯೇನೋ? ಓದ್ ವರ್ಷವೇ ಯಾಕೋ ಯೋಳ್ಲಿಲ್ಲ?

ಆಂಜಿನಪ್ಪ: ಯೋಳ್ದೆ. ನೀವು, ಟೈರು ಎಂಗೈತೆ ಅಂದ್ರಿ.

ಟೈರಿನ ಮೇಲಿದ್ದ ಒದ್ದೆ ಚೀಲ ನೋಡಿ ಪಿಳ್ಳಪ್ಪನವರಿಗೇ ನಾಚಿಕೆಯಾಯಿತು.

ಪಿಳ್ಳಪ್ಪ: ತಪ್ಪಾಯ್ತು ಕಣೋ. ಎ.ಸಿ. ಆಕಿಸ್ತೀನಿ. ಬಿಸಿಲು ಇಳಿಯೋಗಂಟ ಈ ಗಾಡಿ ಅಲ್ಲಾಡಂಗಿಲ್ಲ. ನಮ್ಮಪ್ಪನಾಣೆ!

ಮುಂದಿನ ವಾರ ಎ.ಸಿ. ಬಂತು, ಲೋಡೂ ಆಯಿತು. ಊಟ ಮುಗಿಸಿ ಹೊರಡಲು ಆಂಜಿನಪ್ಪ ಬಂದರೆ ಇಂಜಿನ್ ಆಗಲೇ ಗುಯ್‌ಗುಡುತ್ತಿದೆ, ಕ್ಯಾಬಿನ್ ಬಾಗಿಲು ಒಳಗಿಂದ ಲಾಕ್. ಇಣುಕಿದರೆ, ಹಿಂದಿನ ಮಲಗುವ ಸೀಟಿನಲ್ಲಿ ಪಿಳ್ಳಪ್ಪನವರು ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಿದ್ದಾರೆ!

ಆಂಜಿನಪ್ಪ (ಗಾಜು ಬಡಿಯುತ್ತ): ಗೌಡ್ರೇ, ಇಳೀರಿ! ಇಲ್ಲಿ ಅಂಥಾ ಬಿಸಿಲೇನಿಲ್ಲ, ನಾನು ಓಡಿಸ್ತೀನಿ!

ಪಿಳ್ಳಪ್ಪ (ಕಣ್ಣು ತೆರೆಯದೆ): ಸುಮ್ಕಿರೋ, ಅಪ್ಪನ ಮೇಲೆ ಆಣೆ ಇಟ್ಟಿದೀನಿ. ಬಿಸಿಲು ಇಳೀಲಿ.