ಏಳು ತಲೆಮಾರಿನ ಜರಡಿ

ಬೂರುಲ್: ಗಣಿತಕ್ಕೆ ಅಪ್ಪ ಅಂತ ಯಾರೂ ಇರೋದಿಲ್ಲ ಅಜ್ಜಾ.

ಅಜ್ಜ: ಅಪ್ಪ ಇಲ್ಲದ್ದು ಈ ಕೋಣೆಯೊಳಕ್ಕೆ ಬರೋದೂ ಇಲ್ಲ ಸೊಸೆ.

ಕುದುರೆ ಸಾಕುವ ದೂರದ ಬೆಟ್ಟನಾಡಿನ, ನಾರಿನ್ ಹೊಳೆಯ ಮೇಲ್ದಂಡೆಯ ಶಾಲೆಯೊಂದರಲ್ಲಿ ಬೂರುಲ್ ಕಂಪ್ಯೂಟರ್ ಪಾಠ ಹೇಳುವವಳು. ಊರಿಗೆ ಸೊಸೆಯಾಗಿ ಬಂದವಳು. ಅಜ್ಜನೆಂದರೆ ಜುಮಾಬಾಯ್, ಊರಿನ ಬಿಳಿಗಡ್ಡಗಳಲ್ಲೆಲ್ಲ ಹಿರಿಯ ಗಡ್ಡ. ಹೋದ ತಿಂಗಳು ಆರನೇ ತರಗತಿಯ ಮಕ್ಕಳು ಹಿಮಚಿರತೆಯನ್ನು ಹುಡುಕಹೋದಾಗ, ಚಿರತೆಗಿರುವಷ್ಟು ಕೂದಲಿನ ಮರೆಯೂ ಇಲ್ಲದ ಹೆಂಗಸೊಬ್ಬಳು ಪರದೆಯ ಮೇಲೆ ಬಂದು ನಿಂತುಬಿಟ್ಟಿದ್ದಳು. ಊರು ಸಭೆ ಸೇರಿತು. ಇಂಟರ್ನೆಟ್ ತಂತಿಯನ್ನೇ ಕತ್ತರಿಸಿ ಎಂದರು ಹಲವರು. ತಂತಿ ಹೋದರೆ ಹನ್ನೊಂದನೇ ತರಗತಿಯವರ ಪರೀಕ್ಷೆಯ ತಯಾರಿಯೂ ಹೋಯಿತು, ಹಿಮ ಬಿದ್ದು ಘಟ್ಟದ ದಾರಿ ಮುಚ್ಚಿದ ಮೇಲೆ ಪಟ್ಟಣಕ್ಕೆ ಹೋಗಿ ಕಲಿಯುವವರು ಯಾರು ಎಂದು ಬೂರುಲ್ ಗೋಗರೆದಳು. ಕೊನೆಗೆ, ಪಟ್ಟಣದಿಂದ ಫಿಲ್ಟರ್ ಬರುವ ತನಕ ಜುಮಾಬಾಯ್ ಅಜ್ಜ ಕಾವಲು ಕೂರಲಿ, ತಂತಿ ಇರಬೇಕೋ ಬೇಡವೋ ಆಮೇಲೆ ಅವನೇ ಹೇಳಲಿ ಎಂದಾಯಿತು.

ಅಜ್ಜ ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಕಂಬಳಿ ಹಾಸಿ ಕೂತ. ಹಿರಿಯರಿಗೆ ಬೆನ್ನು ತೋರಿಸುವಂತಿಲ್ಲ. ಹಾಗಾಗಿ ಮಕ್ಕಳು ಓಡುವ ಕುದುರೆಯ ಮೇಲಿಂದ ಹಿಂದಿರುಗಿ ನೋಡುವವರಂತೆ ಸೊಂಟ ತಿರುವಿಕೊಂಡೇ ಕೀಲಿಗಳನ್ನು ಒತ್ತಬೇಕಾಯಿತು. ಯಾವ ಪುಟ ತೆರೆದರೂ ಅಜ್ಜನದು ಒಂದೇ ಪ್ರಶ್ನೆ: ಇದನ್ನು ಮಾಡಿದವನು ಯಾರ ಮಗ, ಅವನು ಯಾರ ಮಗ, ಏಳು ತಲೆಮಾರು ಒಪ್ಪಿಸಲಿ. ಏಳು ತಲೆಮಾರು ತಿಳಿಯದವನಿಗೆ ಹೆಣ್ಣು ಕೊಡದ ಊರು ಮಕ್ಕಳ ಕಣ್ಣು ಕೊಟ್ಟೀತೇ? ಗಣಿತ, ಭೂಗೋಳ, ಇಂಗ್ಲಿಷ್ ವ್ಯಾಕರಣ, ಎಲ್ಲವೂ ಪರದೇಸಿಗಳೆಂದು ಹೊಸ್ತಿಲಾಚೆಯೇ ಉಳಿದವು. ಒಳಗೆ ಬಂದದ್ದು ಒಂದೇ, ಕುದುರೆ ಮಾರುವ ಪುಟ.

ನಿನ್ನೆ ಫಿಲ್ಟರ್ ಬಂದಿತ್ತು. ಆದರೆ ಹಿರಿಯನನ್ನು ಏಳಿ ಎನ್ನಲು ಸೊಸೆಗೆ ಬಾಯಿಲ್ಲ. ಬೂರುಲ್ ಚಹಾ ತಂದಳು, ರೊಟ್ಟಿ ತಂದಳು, ನೆಲದ ಥಂಡಿ ಮಂಡಿಗೆ ಏರುತ್ತದೆ ಎಂದಳು. ಅಜ್ಜ ಚಹಾ ಕುಡಿದ, ರೊಟ್ಟಿ ತಿಂದ, ಮಂಡಿಯ ಮೇಲೆ ಇನ್ನೊಂದು ಕಂಬಳಿ ಎಳೆದುಕೊಂಡ.

ಬೂರುಲ್: ಕೆಟ್ಟದ್ದನ್ನೆಲ್ಲ ಈ ಫಿಲ್ಟರೇ ತಡೆಯುತ್ತೆ. ಈ ವಯಸ್ಸಲ್ಲಿ ನಿಮಗ್ಯಾಕೆ ತೊಂದರೆ.

ಅಜ್ಜ: ಓ, ಜರಡಿ. ಸರಿ, ಕುಮಿಸ್ ಅಂತ ಹಾಕು, ನೋಡೋಣ.

ಹಾಕಿದಳು. ಪರದೆ ಕೆಂಪಾಯಿತು: ಮದ್ಯ, ಮಕ್ಕಳಿಗೆ ನಿಷಿದ್ಧ.

ಅಜ್ಜ: ಕುದುರೆ ಹಾಲು ಹುಳಿ ಬಂದ್ರೆ ಮದ್ಯವಾ? ನಮ್ಮವ್ವ ನನಗೆ ಮೊಲೆ ಬಿಡಿಸಿದ್ದೇ ಇದನ್ನ ಕುಡಿಸಿ. ನಿನ್ನ ಜರಡಿ ಲೆಕ್ಕದಲ್ಲಿ ನಾನು ತೊಟ್ಟಿಲಿಂದಲೇ ಕುಡುಕ.

ಬೂರುಲ್: ಅದೊಂದನ್ನ ಸರಿಮಾಡಿಸ್ತೀನಿ ಅಜ್ಜಾ.

ಅಜ್ಜ: ಹಾಲಿಗೆ ಬೊಗಳೋ ನಾಯಿ ತೋಳಕ್ಕೆ ಬಾಲ ಆಡಿಸ್ತದೆ. ನೋಡ್ತಿರು.

ಮೂಲೆಯಲ್ಲಿ ಸೊಂಟ ತಿರುವಿ ಕೂತಿದ್ದ ಒಂಬತ್ತನೇ ತರಗತಿಯ ಉಮುತಾಯ್ ಮೆಲ್ಲನೆ ಎದ್ದು ನಿಂತಳು.

ಉಮುತಾಯ್: ತೋಳ ಆಗ್ಲೇ ಬಂದು ಹೋಯ್ತು ಮೇಡಂ.

ತಡವರಿಸುತ್ತಲೇ ಹೇಳಿದಳು. ಬೆಳಿಗ್ಗೆ ಅಜ್ಜ ಬಂದು ಕೂರುವ ಮೊದಲು, ಫಿಲ್ಟರ್ ಒಳ್ಳೆಯದೆಂದು ಒಳಬಿಟ್ಟ ಇಂಗ್ಲಿಷ್ ಪಾಠದ ಪುಟದಲ್ಲೇ ಯಾರೋ ಮಾತಿಗೆಳೆದಿದ್ದ. ತಲಾಸ್ ಕಡೆಯವನು, ನಿನ್ನದೇ ವಯಸ್ಸು ಅಂದನಂತೆ. ನಿನ್ನ ಫೋಟೊ ಕಳಿಸು, ಮನೆಯಲ್ಲಿ ಹೇಳಬೇಡ ಅಂದನಂತೆ. ಬೂರುಲ್ ಚಹಾದ ಬಟ್ಟಲು ಕೆಳಗಿಟ್ಟು ಹುಡುಗಿಯ ಬಳಿ ಬಂದಳು.

ಬೂರುಲ್: ಕಳಿಸಿದೆಯಾ?

ಉಮುತಾಯ್: ಇಲ್ಲ. ಮೊದಲು ಏಳು ತಲೆಮಾರು ಹೇಳು ಅಂದೆ. ಅಪ್ಪನ ಹೆಸರು ಹೇಳಿದ. ತಾತನ ಹೆಸರು ಕೇಳಿದ್ರೆ ಮತ್ತೆ ಅಪ್ಪಂದೇ ಹೇಳಿದ. ತಾತನ ಅಪ್ಪ ಯಾರು ಅಂದೆ. ಕಾಣೆಯಾದ.

ಬೂರುಲ್ ಹುಡುಗಿಯ ತಲೆ ಸವರಿದಳು. ಅಪರಿಚಿತರನ್ನು ನಂಬಬೇಡಿ ಎಂದು ತಾನು ಹಲಗೆಯ ಮೇಲೆ ಬರೆದದ್ದೆಲ್ಲ ಹಲಗೆಯ ಮೇಲೇ ಉಳಿದಿತ್ತು.

ಬೂರುಲ್: ನಾನು ಸೋತೆ ಅಜ್ಜಾ. ನೀವು ಇಲ್ಲೇ ಕೂತಿರಿ.

ಗೆದ್ದ ಅಜ್ಜ ಗಡ್ಡ ನೀವಿಕೊಂಡ. ಅಷ್ಟಕ್ಕೇ ಬಿಡದೆ ತನ್ನ ಕುದುರೆಯ ಪುಟವನ್ನು ತೆರೆಸಿದ.

ಅಜ್ಜ: ಈ ಗಂಡು ಕುದುರೆ ನೋಡಿ ಕಲೀರಿ. ಏಳು ತಲೆಮಾರು ಪಟಪಟ ಒಪ್ಪಿಸ್ತು. ಮಾರೋನೂ ಬಂಗಾರದಂಥ ಮನುಷ್ಯ. ನಮ್ಮ ಮನೆ ಎಲ್ಲಿ, ಲಾಯ ಯಾವ ಕಡೆ, ನಾವೆಲ್ಲ ಯಾವತ್ತು ಮನೇಲಿರೋದಿಲ್ಲ, ಎಲ್ಲ ವಿಚಾರಿಸ್ಕೊಂಡ. ಮಗನಿಗೆ ಮಾತ್ರ ಹೇಳ್ಬೇಡಿ ಅಂದ, ಪಾಪ.

ಬೂರುಲ್ ಸೊಸೆ, ಹಿರಿಯನ ತಪ್ಪಿಗೆ ಬಾಯಿ ಬಿಡುವಂತಿಲ್ಲ. ಬಿಟ್ಟವಳು ಉಮುತಾಯ್.

ಉಮುತಾಯ್: ಅಜ್ಜಾ, ಅವನು ಒಪ್ಪಿಸಿದ್ದು ಕುದುರೆಯ ತಲೆಮಾರು. ಅವನದು ಕೇಳಿದ್ರಾ?

ಅಜ್ಜ ತನ್ನ ಬಿಳಿ ಟೋಪಿಯನ್ನು ತೆಗೆದು, ಉತ್ತರ ಅದರೊಳಗಿದೆಯೋ ಎಂಬಂತೆ ಇಣುಕಿ, ಮತ್ತೆ ಇಟ್ಟುಕೊಂಡ. ನೀನೇ ಕೇಳು ಎಂದ. ಹುಡುಗಿ ಕೇಳಿದಳು. ಬಂಗಾರದಂಥ ಮನುಷ್ಯ ಅಪ್ಪನ ಹೆಸರನ್ನೂ ಹೇಳದೆ ಮಾಯವಾದ.

ಲಾಯಕ್ಕೆ ಬೀಗ ಹಾಕಲು ಮಗನಿಗೆ ಈಗಲೇ ಹೇಳಿಕಳಿಸಿ ಎಂದ ಅಜ್ಜ. ತಂತಿ ಇರಲಿ ಎಂದು ಸಭೆಯಲ್ಲಿ ಹೇಳುತ್ತೇನೆ ಎಂದೂ ಅಂದ. ಆಮೇಲೆ ಕಂಬಳಿಯ ಮೇಲೆ ಪಕ್ಕಕ್ಕೆ ಸರಿದು, ಆ ಗೌರವದ ಜಾಗದಲ್ಲಿ ಉಮುತಾಯ್‌ಗೂ ಕೂರಲು ಜಾಗ ಮಾಡಿಕೊಟ್ಟ.

ಅಜ್ಜ: ಸೊಸೆ, ಆ ಜರಡೀನ ಪಟ್ಟಣಕ್ಕೆ ವಾಪಸ್ ಕಳಿಸ್ಬೇಡ.

ಬೂರುಲ್: ಯಾಕಜ್ಜಾ, ಮಕ್ಕಳಿಗೆ ನೀವಿದ್ದೀರಲ್ಲ.

ಅಜ್ಜ: ಮಕ್ಕಳಿಗೆ ನಾನಿದ್ದೀನಿ. ನನಗೊಂದು ಬೇಡ್ವಾ?