ಒಬ್ಬರೇ ವಿದ್ಯಾರ್ಥಿಯಿದ್ದ ತರ್ಕಶಾಸ್ತ್ರ ವಿಭಾಗ

ನಾನು ಪಾಠ ಹೇಳಲು ನಿಂತರೆ ಒಳಗೆ ಜಾಗ ಸಾಲದೆ ವಿದ್ಯಾರ್ಥಿಗಳು ಕಿಟಕಿಯ ಸರಳು ಹಿಡಿದು ನಿಲ್ಲುತ್ತಾರೆ ಎಂಬ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆಗ ನನಗೆ ಇಪ್ಪತ್ತಾರು ವರ್ಷ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಪಾಸು ಮಾಡಿದ್ದೆ, ಒಂದು ಕೋಟು ಹೊಲಿಸಿಕೊಂಡಿದ್ದೆ. ಇವೆರಡೂ ಇದ್ದಮೇಲೆ ಲೆಕ್ಚರರ್ ಆಗಲು ಇನ್ನೇನು ಬೇಕು?

ಅದು ಊರೂರಿಗೂ ಕಾಲೇಜು ಹುಟ್ಟುತ್ತಿದ್ದ ಕಾಲ. ಮಹಾರಾಜರ ದಿನಗಳಲ್ಲಿ ಕಾಲೇಜು ಕಟ್ಟುವುದು ಸರ್ಕಾರದ ಕೆಲಸ, ಛತ್ರ ಕಟ್ಟಿಸುವುದು ಸಾಹುಕಾರರ ಕೆಲಸ ಎಂದು ಪುಣ್ಯದ ಹಂಚಿಕೆಯಾಗಿತ್ತು. ಸ್ವಾತಂತ್ರ್ಯ ಬಂದಮೇಲೆ ಈ ಏರ್ಪಾಡು ಕಲಸಿಹೋಯಿತು. ಮಠದವರು ಕಾಲೇಜು ತೆರೆದರು, ಜಾತಿಯ ಸಂಘದವರು ತೆರೆದರು, ಅದನ್ನು ನೋಡಿ ತಡೆಯಲಾರದೆ ಅಕ್ಕಿ ಗಿರಣಿಯವರೂ ತೆರೆದರು. ನಮ್ಮ ಕಾಲೇಜಿನ ಕಾರ್ಯದರ್ಶಿ ನಂಜಪ್ಪನವರು ಈ ಕೊನೆಯ ಪಂಗಡದವರು. ಅವರ ತಂದೆ ಮೈಸೂರಿನಲ್ಲಿ ಒಂದು ಮದುವೆ ಛತ್ರ ಕಟ್ಟಿಸಿದ್ದರು. ಮಗ ಅದೇ ಛತ್ರಕ್ಕೆ ಇನ್ನೊಂದು ಬೋರ್ಡು ತಗಲಿಸಿ ಸಂಜೆ ಕಾಲೇಜು ಮಾಡಿದರು. ಹಗಲು ಮಾಂಗಲ್ಯಧಾರಣೆ, ಸಂಜೆ ವಿದ್ಯಾದಾನ.

ಸಂದರ್ಶನದಲ್ಲಿ ನಂಜಪ್ಪನವರು ತರ್ಕಶಾಸ್ತ್ರ ಎಂದರೆ ಏನೆಂದು ಕೇಳಿದರು. ಸರಿಯಾಗಿ ಯೋಚನೆ ಮಾಡುವುದನ್ನು ಕಲಿಸುವ ಶಾಸ್ತ್ರ ಎಂದೆ. ಅವರು ಜಗಿಯುತ್ತಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ಒತ್ತಿಕೊಂಡರು.

"ಅದನ್ನ ಕಲಿತ್ಬುಟ್ರೆ ಹುಡುಗರು ನಮ್ಮ ಕಾಲೇಜಿಗೆ ಸೇರ್ತಾರೇನ್ರೀ?"

ಆದರೂ ಕೆಲಸ ಕೊಟ್ಟರು. ಒಂದೇ ಷರತ್ತು. ದಸರಾ ರಜೆಯೊಳಗೆ ನನ್ನ ವಿಷಯಕ್ಕೆ ಒಬ್ಬ ವಿದ್ಯಾರ್ಥಿಯಾದರೂ ಸೇರಬೇಕು, ಇಲ್ಲದಿದ್ದರೆ ವಿಭಾಗವೂ ಇಲ್ಲ, ನಾನೂ ಇಲ್ಲ. ಒಬ್ಬನೇ! ನನಗೆ ನಗು ಬಂತು. ನೂರು ಜನರನ್ನು ಎಲ್ಲಿ ಕೂರಿಸುವುದೆಂದು ನಾನು ಯೋಚಿಸುತ್ತಿದ್ದೆ.

ಛತ್ರದ ಬಾಗಿಲಲ್ಲಿ ಮೇಜು ಹಾಕಿಕೊಂಡು ಎರಡು ವಾರ ಕುಳಿತೆ. ಬಂದವರೆಲ್ಲ ನನ್ನ ಮೇಜಿಗೆ ಕೈಯೂರಿ ಚಪ್ಪಲಿ ಬಿಚ್ಚಿ, ಒಳಗೆ ಹೋಗಿ ಕಾಮರ್ಸಿಗೆ ಸೇರಿದರು. ನನ್ನನ್ನು ಮಾತನಾಡಿಸಿದವರು ಇಬ್ಬರು. ಒಬ್ಬರು ಹೆಣ್ಣಿನ ಕಡೆಯವರು ಬಂದರೇ ಎಂದು ಕೇಳಿದರು. ಇನ್ನೊಬ್ಬರು ಅಡಿಗೆಯವರು ಎಲ್ಲಿ ಎಂದು ಕೇಳಿದರು. ಇಬ್ಬರಿಗೂ ನಾನು ಅಗತ್ಯಕ್ಕಿಂತ ದೀರ್ಘವಾಗಿ ಉತ್ತರ ಹೇಳಿದೆ. ಕಾರಣವಿತ್ತು.

ನನ್ನ ಊರು ತಿಪಟೂರಿನ ಕಡೆ. ಮೈಸೂರಿನಲ್ಲಿ ನನಗೆ ನರಪಿಳ್ಳೆಯ ಪರಿಚಯವಿರಲಿಲ್ಲ. ಸರಸ್ವತಿಪುರಂನಲ್ಲಿ ಒಂದು ಮನೆಯ ಹಿಂಭಾಗದ ಕೋಣೆಯಲ್ಲಿದ್ದೆ. ಊಟ ಮೆಸ್ಸಿನಲ್ಲಿ. ಬಡಿಸುವವರು ಅನ್ನ ಬೇಕೇ ಎಂದು ಕೇಳಿದರೆ ಎಷ್ಟೋ ದಿನ ಅದೇ ಆ ದಿನದ ಸಂಭಾಷಣೆ. ಬೇಕು ಎಂದುಬಿಟ್ಟರೆ ಮಾತು ಮುಗಿದುಹೋಗುತ್ತದಲ್ಲ ಎಂದು, ಇವತ್ತಿನ ಅಕ್ಕಿ ಎಲ್ಲಿಯದು ಎಂದು ಬೆಳೆಸಲು ನೋಡುತ್ತಿದ್ದೆ. ಅಷ್ಟರಲ್ಲಿ ಅವರು ಮುಂದಿನ ಎಲೆಗೆ ಹೋಗಿರುತ್ತಿದ್ದರು. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ: ನನಗೆ ವಿದ್ಯಾರ್ಥಿ ಬೇಕಾಗಿದ್ದದ್ದು ಕೆಲಸಕ್ಕಿಂತ ಹೆಚ್ಚಾಗಿ ಮಾತಿಗೆ.

ಮೂರನೆಯ ವಾರ ಮರಿಗೌಡರು ಬಂದರು. ನಲವತ್ತು ದಾಟಿದ ಆಳು. ಬೇಸಾಯದ ಮನೆತನ, ಹಳ್ಳಿ ಬಿಟ್ಟು ವಿದ್ಯಾರಣ್ಯಪುರಂನಲ್ಲಿ ಸಂಸಾರ ಹೂಡಿದ್ದರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ. ಪಿ.ಯು.ಸಿ. ಪಾಸಾದರೆ ಗುಮಾಸ್ತರಾಗಿ ಬಡ್ತಿ ಸಿಗುತ್ತದೆಂದು ಈ ವಯಸ್ಸಿನಲ್ಲಿ ಓದಲು ಹೊರಟಿದ್ದರು.

"ಯಾವ ಸಬ್ಜೆಕ್ಟಲ್ಲಿ ಜನ ಕಮ್ಮಿ ಅವ್ರೆ ಸಾ? ನಂಗೆ ಗಲಾಟೆ ಆಗಕಿಲ್ಲ."

ಜನ ಕಡಿಮೆ ಇರುವ ವಿಷಯದಲ್ಲಿ ಇಡೀ ಮೈಸೂರಿನಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಅವರ ಅರ್ಜಿಯನ್ನು ನಾನೇ ತುಂಬಿದೆ, ನಾನೇ ಒಳಗೆ ಕೊಟ್ಟುಬಂದೆ. ಹೀಗೆ ತರ್ಕಶಾಸ್ತ್ರ ವಿಭಾಗ ವಿಧ್ಯುಕ್ತವಾಗಿ ಆರಂಭವಾಯಿತು.

ನಮಗೆ ಕೊಟ್ಟ ತರಗತಿ ಛತ್ರದ ಉಗ್ರಾಣ. ಒಂದು ಕಡೆ ಬೋರಲು ಹಾಕಿದ ಕೊಳಗಗಳು, ಇನ್ನೊಂದು ಕಡೆ ಒರಳುಕಲ್ಲಿಗೆ ಒರಗಿಸಿದ ಕರಿಹಲಗೆ, ನಡುವೆ ವಿದ್ಯಾರ್ಥಿ ಸಮೂಹ. ಸಂಖ್ಯೆ ಕಡಿಮೆಯೆಂದು ನಾನು ಶಿಸ್ತು ಸಡಿಲಿಸಲಿಲ್ಲ. ಕೋಟು ಹಾಕಿಕೊಂಡು ಮಣೆಯ ಮೇಲೆ ನಿಂತು ಹಾಜರಿ ಕರೆಯುತ್ತಿದ್ದೆ. "ನಂಬರ್ ಒನ್." ಮರಿಗೌಡರು ಎದ್ದು ನಿಂತು "ಪ್ರೆಸೆಂಟ್ ಸಾ" ಎನ್ನುತ್ತಿದ್ದರು. ನಾನು ಪುಸ್ತಕ ಮುಚ್ಚಿ ನಿಶ್ಶಬ್ದ ಎನ್ನುತ್ತಿದ್ದೆ. ಅವರು ಒಮ್ಮೆ ಕೆಮ್ಮಿದ್ದಕ್ಕೆ ಕ್ಷಮೆ ಕೇಳಿದರು.

ಎಲ್ಲ ಮನುಷ್ಯರೂ ಸಾಯುವವರು, ರಾಮಣ್ಣ ಮನುಷ್ಯ, ಆದ್ದರಿಂದ ರಾಮಣ್ಣ ಸಾಯುವವನು. ಇದು ಮೊದಲನೆಯ ಪಾಠ. ಆಗಸ್ಟಿನಲ್ಲಿ ಆರಂಭಿಸಿದೆ, ದಸರಾ ಬಂದರೂ ರಾಮಣ್ಣ ಸತ್ತಿರಲಿಲ್ಲ. ಮೊದಲ ವಾಕ್ಯ ಹೇಳುವಷ್ಟರಲ್ಲಿ ನನಗೆ ತೀರಿಹೋದ ನನ್ನ ತಾಯಿಯ ನೆನಪಾಗುತ್ತಿತ್ತು. ಅಮ್ಮ ಎಂದಮೇಲೆ ಆಕೆ ಮಾಡುತ್ತಿದ್ದ ಹುರುಳಿ ಸಾರು, ಸಾರು ಎಂದಮೇಲೆ ಅದು ಸೇರದ ನನ್ನ ಅಣ್ಣ, ಅಣ್ಣ ಎಂದಮೇಲೆ ಅವನು ನನ್ನ ಜತೆ ಮಾತು ಬಿಟ್ಟ ಕಾರಣ. ಗಂಟೆ ಹೊಡೆಯುತ್ತಿತ್ತು. ಮರಿಗೌಡರು ನೋಟ್ ಪುಸ್ತಕದಲ್ಲಿ ಏನು ಬರೆದುಕೊಳ್ಳುತ್ತಿದ್ದರೋ, ಅಂತೂ ತಲೆಯಾಡಿಸಿ ಕೇಳುತ್ತಿದ್ದರು. ಇಷ್ಟು ಏಕಾಗ್ರತೆಯ ತರಗತಿ ಬೇರೆ ಯಾವ ಕಾಲೇಜಿನಲ್ಲೂ ಇಲ್ಲವೆಂದು ನಾನು ಬೀಗುತ್ತಿದ್ದೆ.

ನಡುವೆ ಊರಿನ ವಿದ್ಯಾರ್ಥಿಗಳೆಲ್ಲ ಮುಷ್ಕರ ಹೂಡಿದರು. ಯಾವುದಕ್ಕೆಂದು ಆಗಲೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮರಿಗೌಡರು ಬಾಗಿಲಲ್ಲೇ ನಿಂತು, ಇವತ್ತು ತಾನು ಒಳಗೆ ಬರುವಂತಿಲ್ಲ, ಬಂದರೆ ಮಿಕ್ಕವರಿಗೆ ದ್ರೋಹವಾಗುತ್ತದೆ ಎಂದು ವಿನಯದಿಂದ ತಿಳಿಸಿ ಜಗಲಿಯ ಮೇಲೆ ಕುಳಿತರು. ನನ್ನ ವಿಭಾಗದಲ್ಲಿ ಮುಷ್ಕರ ಸಂಪೂರ್ಣ ಯಶಸ್ವಿ! ಒಳಗೆ ಒಬ್ಬನೇ ಐದು ನಿಮಿಷ ಕುಳಿತು ನೋಡಿದೆ. ಆಮೇಲೆ ಆಡಳಿತ ವರ್ಗದ ಮಾನ ಬಿಟ್ಟು ನಾನೂ ಹೋಗಿ ಜಗಲಿಯ ಮೇಲೆ ಕುಳಿತೆ. ಆ ದಿನ ಮಾತು ಗಂಟೆ ಹೊಡೆದ ಮೇಲೂ ನಡೆಯಿತು.

ಇದಕ್ಕಿಂತ ದೊಡ್ಡ ಗಂಡಾಂತರ ಬಂದದ್ದು ಜನವರಿಯಲ್ಲಿ. ಕಾಲೇಜಿಗೆ ಮಾನ್ಯತೆ ಮುಂದುವರಿಸಬೇಕೇ ಬೇಡವೇ ಎಂದು ನೋಡಲು ತನಿಖೆಯ ಸಮಿತಿ ಬಂತು. ಛತ್ರದ ದೇವರ ಗೂಡಿಗೆ ಪರದೆ ಬಿಟ್ಟು ಗ್ರಂಥಾಲಯ ಎಂದು ಬರೆಸಿದ್ದರು. ಎಲ್ಲ ಸರಿಯಾಗಿತ್ತು. ಆದರೆ ಅಂದು ಅಂಚೆ ಕಚೇರಿಯಲ್ಲಿ ಕೆಲಸ ಹೆಚ್ಚಾಗಿ ಮರಿಗೌಡರು ಬರಲಿಲ್ಲ. ನಾನು ಧೈರ್ಯಗೆಡಲಿಲ್ಲ. ಹೊರಗಿನಿಂದ ಕೇಳಿದವರು ಮುಂದೆ ಹೋಗಿಬಿಡುತ್ತಾರೆಂದು ಕೊಳಗಗಳ ಕಡೆ ತಿರುಗಿ ಗಟ್ಟಿ ದನಿಯಲ್ಲಿ ಪಾಠ ಆರಂಭಿಸಿದೆ. ಕೊಳಗಗಳು ಪ್ರತಿಧ್ವನಿ ಕೊಟ್ಟು ಸಹಕರಿಸಿದವು. ಸಮಿತಿಯ ಹಿರಿಯರೊಬ್ಬರು ಬಾಗಿಲು ತಳ್ಳಿಕೊಂಡು ಒಳಗೇ ಬಂದರು.

"ವಿದ್ಯಾರ್ಥಿಗಳೆಲ್ಲಿ?"

"ರಜೆ ಹಾಕಿದ್ದಾರೆ ಸಾರ್."

"ಎಷ್ಟು ಜನ?"

"ಎಲ್ಲರೂ ಸಾರ್."

ಅವರಿಗೆ ನಡೆದು ಸುಸ್ತಾಗಿತ್ತೆಂದು ತೋರುತ್ತದೆ, ಮರಿಗೌಡರ ಬೆಂಚಿನ ಮೇಲೆ ಕುಳಿತು ಪಾಠ ಮುಂದುವರಿಸಲು ಕೈಸನ್ನೆ ಮಾಡಿದರು. ಮುಂದುವರಿಸಿದೆ. ಐದು ನಿಮಿಷದಲ್ಲಿ ಅವರಿಗೆ ನಿದ್ರೆ ಬಂತು. ಪಾಪ, ಎಬ್ಬಿಸಲು ಮನಸ್ಸಾಗದೆ ದನಿ ತಗ್ಗಿಸಿ ಪೂರ್ತಿ ಗಂಟೆ ಪಾಠ ಹೇಳಿದೆ.

ಮರುದಿನ ನಂಜಪ್ಪನವರು ನನ್ನನ್ನು ಕರೆಸಿ, ಸಮಿತಿಯವರಿಗೆ ಉಗ್ರಾಣದ ಸಂಗತಿ ತಿಳಿದುಹೋಗಿದೆ, ಈ ಒಬ್ಬ ಆಸಾಮಿ ಪಾಸಾದರೆ ವಿಭಾಗ ಉಳಿಯುತ್ತದೆ, ಫೇಲಾದರೆ ಬಾಗಿಲು ಹಾಕಬೇಕಾಗುತ್ತದೆ ಎಂದರು. ಆಗ ನನಗೆ ಜ್ಞಾನೋದಯವಾಯಿತು. ಹದಿನಾಲ್ಕು ಅಧ್ಯಾಯಗಳಲ್ಲಿ ನಾನು ಮುಗಿಸಿದ್ದು ಎರಡು. ಮಿಕ್ಕ ಸಮಯದಲ್ಲಿ ಮರಿಗೌಡರು ನನ್ನ ವಂಶದ ಚರಿತ್ರೆಯಲ್ಲಿ ಪಾರಂಗತರಾಗಿದ್ದರು. ಅವರ ಬಡ್ತಿ ಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ, ಎಲ್ಲಕ್ಕಿಂತ ಮೊದಲು ನನ್ನ ಸಂಜೆಗಳು ಹೋಗುತ್ತವೆ. ಆ ರಾತ್ರಿ ಪಠ್ಯಪುಸ್ತಕದ ಧೂಳು ಕೊಡವಿದೆ.

ಮಾರನೆಯ ದಿನದಿಂದ ಬಿರುಸಾಗಿ ಪಾಠ ಹಿಡಿದೆ. ಆದರೆ ಏನಾಶ್ಚರ್ಯ! ಮೂರನೆಯ ಅಧ್ಯಾಯ ಆರಂಭಿಸುವ ಮೊದಲೇ ಮರಿಗೌಡರಿಗೆ ಅದು ಗೊತ್ತು. ಆರನೆಯದೂ ಗೊತ್ತು. ಹತ್ತನೆಯ ಅಧ್ಯಾಯದಲ್ಲಿ ನಾನು ಹಲಗೆಯ ಮೇಲೆ ಬರೆದ ತಪ್ಪನ್ನು ಅವರೇ ಸಂಕೋಚಪಡುತ್ತಾ ತಿದ್ದಿದರು. ನಾನು ಎಷ್ಟು ದೊಡ್ಡ ಗುರುವೆಂದರೆ ನಾನು ಹೇಳದೆ ಇದ್ದದ್ದೂ ಶಿಷ್ಯನಿಗೆ ಬಂದುಬಿಟ್ಟಿದೆ ಎಂದುಕೊಂಡೆ. ತರ್ಕಶಾಸ್ತ್ರ ಓದಿದ ಮನುಷ್ಯ ಇಂಥ ತೀರ್ಮಾನಕ್ಕೆ ಬರಬಹುದೇ ಎಂದು ಕೇಳಬೇಡಿ. ಬಂದೆ.

ಫಲಿತಾಂಶ ಬಂತು. ಮರಿಗೌಡರು ಪಾಸು, ತರ್ಕಶಾಸ್ತ್ರದಲ್ಲಂತೂ ಭರ್ಜರಿ ಅಂಕ. ನಂಜಪ್ಪನವರು ಮದುವೆಯಲ್ಲಿ ಉಳಿದಿದ್ದ ಹಾರವೊಂದನ್ನು ನನಗೆ ಹಾಕಿ, ನನ್ನ ವಿಭಾಗದಲ್ಲಿ ಫೇಲಾದವರೇ ಇಲ್ಲವೆಂದು ಎಲ್ಲರೆದುರು ಸಾರಿದರು. ನಾನು ಹಾರವನ್ನು ಕಾಗದದಲ್ಲಿ ಸುತ್ತಿಕೊಂಡು, ಅರ್ಧ ಸೇರು ಬಾದೂಷ ಕಟ್ಟಿಸಿಕೊಂಡು, ಶಿಷ್ಯನಿಗೆ ಆಶೀರ್ವಾದ ಮಾಡಲು ಭಾನುವಾರ ವಿದ್ಯಾರಣ್ಯಪುರಂಗೆ ನಡೆದೆ.

ಬಾಗಿಲು ತೆರೆದವರು ಅವರ ಹೆಂಡತಿ. ನಾನು ಮರಿಗೌಡರ ತರ್ಕಶಾಸ್ತ್ರದ ಮೇಷ್ಟ್ರು ಎಂದು ಹೇಳಿಕೊಂಡೆ. ಆಕೆ ಸೆರಗು ಸರಿಮಾಡಿಕೊಂಡು ಮುಖ ಅರಳಿಸಿದರು.

"ಬನ್ನಿ ಸ್ವಾಮಿ. ಬೆಳಿಗ್ಗೆ ಹೊತ್ತು ಪಾಠ ಯೋಳ್ಕೊಡೋ ಮೇಷ್ಟ್ರಾ ನೀವು? ಇಲ್ಲಾ ಸಾಯಂಕಾಲ ಒಬ್ರೇ ಇರ್ತಾರಂತಲ್ಲ, ಅವ್ರಾ?"

ನಾನು ಬಾದೂಷದ ಪೊಟ್ಟಣ ಹಿಡಿದುಕೊಂಡು ನಿಂತೆ. ಒಳಗಿನಿಂದ ಮರಿಗೌಡರು ಓಡಿಬಂದು, ಹೆಂಡತಿಯನ್ನು ಕಾಫಿಯ ನೆವದಲ್ಲಿ ಒಳಗೆ ಕಳಿಸಿ, ಚಾಪೆ ಹಾಸಿದರು. ಕೇಳಿದ್ದಕ್ಕೆ ಎಲ್ಲ ಹೇಳಿದರು. ಸರಸ್ವತಿಪುರಂನಲ್ಲಿ ಫೇಲಾದವರಿಗೆ ಪಾಠ ಹೇಳುವ ಒಂದು ಟ್ಯುಟೋರಿಯಲ್ ಇತ್ತಂತೆ. ದಸರಾ ಕಳೆದ ಮೇಲೆ ಅಲ್ಲಿಗೆ ಸೇರಿ, ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಹದಿನಾಲ್ಕು ಅಧ್ಯಾಯವನ್ನೂ ಕಲಿತಿದ್ದರು.

ಮುಳುಗುವವನಿಗೆ ಆಸೆ ಬಿಡುವುದಿಲ್ಲ. ಹಾಗಾದರೆ ಸಂಜೆ ಬರುತ್ತಿದ್ದದ್ದು ಹಾಜರಿ ಸಾಲದು ಎಂದೇ ಎಂದು ಕೇಳಿದೆ.

"ಆಜರಿ ಸಂಕ್ರಾಂತಿಗೇ ಸರಿಯೋಗಿತ್ತು ಸಾ," ಎಂದು ಅವರು ನೆಲ ನೋಡಿದರು. "ನಾನೂ ಬರ್ನಿಲ್ಲ ಅಂದ್ರೆ ನೀವು ಯಾರ್ ಜೊತೆ ಮಾತಾಡ್ತಿದ್ರಿ? ಬುಡಿ, ಅದೇನ್ ದೊಡ್ ಇಸ್ಯ ಅಲ್ಲ."

ಕಾಫಿ ಬಂತು. ಕುಡಿದೆ. ಬಡ್ತಿಯ ಜತೆಗೆ ಹಾಸನಕ್ಕೆ ವರ್ಗವಾಗಿದೆ, ಮುಂದಿನ ವಾರ ಹೊರಡುತ್ತೇವೆ ಎಂದರು. ಬಹಳ ಸಂತೋಷ ಎಂದೆ. ನಿಜವಾಗಿ ನನಗೆ ಅಳು ಬಂದಿತ್ತು. ಆಶೀರ್ವಾದ ಮಾಡಲು ಬಂದವನು ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಿಟ್ಟು ಮೆಟ್ಟಿಲಿಳಿದೆ.

ಎರಡು ದಿನ ಕೋಣೆಯಿಂದ ಹೊರಬೀಳಲಿಲ್ಲ. ಮೂರನೆಯ ದಿನ ಸಿಟ್ಟು ಬಂತು. ಎಂ.ಎ. ಮಾಡಿದ ಲೆಕ್ಚರರನ ಬಾಯಿಗೆ ಮಣ್ಣು ಹಾಕಿದ ಆ ಟ್ಯುಟೋರಿಯಲ್ ಹೇಗಿದೆ, ಅದರ ಯಜಮಾನರನ್ನು ನಾಲ್ಕು ಮಾತು ಕೇಳಿಯೇ ಬಿಡುತ್ತೇನೆ ಎಂದು ಕೋಟು ಏರಿಸಿ ಬೆಳಿಗ್ಗೆಯೇ ಹೊರಟೆ. ನನ್ನ ಕೋಣೆಯಿಂದ ಮೂರೇ ಬೀದಿ. ಒಂದು ಮನೆಯ ಪಡಸಾಲೆ, ಒಳಗೆ ಉಸಿರಾಡಲು ಜಾಗವಿಲ್ಲದಷ್ಟು ಜನ. ಕೆಲವರು ನಿಜವಾಗಿಯೂ ಕಿಟಕಿ ಹಿಡಿದು ನಿಂತಿದ್ದರು. ಬಾಗಿಲಲ್ಲಿ ಯಜಮಾನರು ಹೆಸರು ಬರೆದುಕೊಳ್ಳುತ್ತಿದ್ದರು. ನನ್ನ ಮುಖ ಕಂಡೊಡನೆ ಅವರಿಗೆ ಎಲ್ಲ ಅರ್ಥವಾದಂತೆ ಕಾಣಿಸಿತು.

"ಯಾವ ಸಬ್ಜೆಕ್ಟ್ ಹೋಗಿರೋದು?"

"ತರ್ಕಶಾಸ್ತ್ರ," ಎಂದೆ.

"ಎಷ್ಟು ಸಲ?"

ನಾಲ್ಕು ಮಾತು ಸಿದ್ಧಮಾಡಿಕೊಂಡು ಹೋಗಿದ್ದೆ. ಬಂದದ್ದು ಎರಡೇ.

"ಒಂದೇ ಸಲ."

"ಗಾಬರಿ ಬೇಡಿ, ಸೆಪ್ಟೆಂಬರಿಗೆ ಪಾಸಾಗ್ತೀರ. ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ," ಎಂದರು.

ಹೋಗಿ ಕುಳಿತೆ. ಐದು ಜನರ ಬೆಂಚಿನಲ್ಲಿ ಆಗಲೇ ಆರು ಜನರಿದ್ದರು. ಯಾರೋ ಸರಿದು ಜಾಗ ಕೊಟ್ಟರು, ಯಾರದೋ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿತ್ತು. ಪಾಠ, ನಿಷ್ಪಕ್ಷಪಾತವಾಗಿ ಹೇಳಬೇಕೆಂದರೆ, ಬಹಳ ಚೆನ್ನಾಗಿತ್ತು. ಗಂಟೆ ಮುಗಿದಾಗ ಪಕ್ಕದವರು ನನ್ನ ಕಡೆ ತಿರುಗಿ, ನಾಳೆ ಬರ್ತೀರಾ ಎಂದು ಕೇಳಿದರು.

ಬರ್ತೀನಿ ಎಂದೆ.